ಚೀಲಕ್ಕೆ ಗುದ್ದುವ ಶಾಸ್ತ್ರ

ನಮ್ಮ ಮೆಣಸೆಯಲ್ಲಿ ವಾದಕ್ಕೆ ಬರವಿಲ್ಲ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇರುವುದೇ ಇಲ್ಲಿ. ನ್ಯಾಯ, ವ್ಯಾಕರಣ, ವೇದಾಂತ ಓದುವ ಹುಡುಗರು ರಸ್ತೆಬದಿಯಲ್ಲೇ ಪೂರ್ವಪಕ್ಷ ಹೂಡಿ, ಸಿದ್ಧಾಂತ ಮುಗಿಸಿ, ಚಾ ಕುಡಿದು ಹೋಗುತ್ತಾರೆ. ಕೈ ಎತ್ತುವ ಪ್ರಸಂಗ ಬಂದದ್ದನ್ನು ನಾನು ಕಾಣೆ. ಇಂಥ ಊರಿನಲ್ಲಿ ಮುಷ್ಟಿಯುದ್ಧದ ಅಭ್ಯಾಸ ಶುರುವಾದದ್ದು ನಮ್ಮ ಅಡಿಕೆ ಕೊಟ್ಟಿಗೆಯಲ್ಲಿ. ತಂಗಿಯ ಮಗ ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ಮಳೆಗಾಲಕ್ಕೆ ಇಲ್ಲಿಗೇ ಹೊತ್ತು ತಂದಿದ್ದ. ಹೊರಗೆ ಓಡೋಣ ಎಂದರೆ ಬಿಡದ ಮಳೆ, ಕಾಲಿಟ್ಟಲ್ಲಿ ಇಂಬಳ. ತೊಲೆಗೆ ಹಗ್ಗ ಬಿಗಿದು, ಗೋಣಿಚೀಲಕ್ಕೆ ಮರಳು ತುಂಬಿ ನೇತುಹಾಕಿಯೇಬಿಟ್ಟ.

ಮರಳಿನ ಗುಣ ನಿಮಗೆ ಗೊತ್ತಲ್ಲ. ನಾಲ್ಕು ದಿನದಲ್ಲಿ ತಳಕ್ಕಿಳಿದು ಬಿಗಿದುಕೊಂಡಿತು. ಮೇಲೆ ಪೊಳ್ಳು, ಕೆಳಗೆ ಬಂಡೆ. ಬಲ್ಲವರು ಹಳೆ ಬಟ್ಟೆ ತುಂಬುತ್ತಾರೆ, ತುಂಡು ಮಾಡಿ, ಪದರ ಪದರವಾಗಿ ಒತ್ತಿ. ತೂಕ ಬೇಕೇಬೇಕೆಂದರೆ ಸಣ್ಣ ಮರಳಿನ ಪೊಟ್ಟಣಗಳನ್ನು ನಡುವೆ ಹುದುಗಿಸುತ್ತಾರೆ. ಗುದ್ದುವವನ ತೂಕದ ಅರ್ಧ ಚೀಲಕ್ಕಿದ್ದರೆ ಸಾಕು ಎಂಬುದು ರೂಢಿಯ ಲೆಕ್ಕ: 70 ಕಿಲೋ ಆಳಿಗೆ 35 ಕಿಲೋ. ತುಂಬಿದ ಅಡಿಕೆ ಮೂಟೆಯನ್ನೇ ಕಟ್ಟಿದರೆ ಅದು ಅಲ್ಲಾಡುವುದಿಲ್ಲ, ಅಲ್ಲಾಡುವುದು ನಿಮ್ಮ ಹೆಗಲು.

ಹೆಗಲ ವಿಷಯದಲ್ಲಿ ದೇವರು ಕೊಂಚ ಉದಾರಿಯಾದ. ಸೊಂಟದ ಕೀಲಿನ ಗುಂಡು ಆಳವಾದ ಬಟ್ಟಲಲ್ಲಿ ಭದ್ರವಾಗಿ ಕೂತಿದೆ. ಹೆಗಲಿನದು ತಟ್ಟೆಯ ಮೇಲಿಟ್ಟ ನಿಂಬೆಹಣ್ಣು. ಅದಕ್ಕೇ ಕೈ ಎತ್ತ ಬೇಕಾದರತ್ತ ತಿರುಗುತ್ತದೆ, ಅದಕ್ಕೇ ಜಾರುತ್ತದೆ ಕೂಡ. ಅದನ್ನು ಹಿಡಿದಿಟ್ಟಿರುವುದು ರೊಟೇಟರ್ ಕಫ್ ಎಂಬ ನಾಲ್ಕು ಸಣ್ಣ ಸ್ನಾಯುಗಳ ಕೂಟ. ಅದರಲ್ಲೊಂದರ ಸ್ನಾಯುರಜ್ಜು ಭುಜದ ಎಲುಬಿನ ಸೂರಿನಡಿಯ ಸಂದಿಯಲ್ಲೇ ನುಸುಳಿ ಬರಬೇಕು. ಮೊಣಕೈಯನ್ನು ಹೊರಕ್ಕೆ ಎತ್ತಿ ಗುದ್ದಿದಿರೋ, ಅದು ಅಲ್ಲಿ ಒತ್ತಿಕೊಳ್ಳುತ್ತದೆ. ಒಂದೆರಡು ಸಲ ಏನೂ ಆಗದು. ದಿನಕ್ಕೆ ನೂರಾರು ಸಲವಾದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾರಿರಿ.

ನಮ್ಮ ಹುಡುಗನಿಗೂ ಅದೇ ಆಯಿತು. "ಮಾವ, ಅಂಗಿ ಹಾಕಕ್ಕೂ ಕೈ ಏಳ್ತಾ ಇಲ್ಲ" ಎಂದ. ತಂಗಿ ಮಹಾನಾರಾಯಣ ತೈಲ ತಿಕ್ಕಿದಳು, ಅತ್ತೆ ದೃಷ್ಟಿ ತೆಗೆದರು. ರೋಗ ಎಲ್ಲಿದೆ ಎಂದು ಹೇಳಿದ್ದು ಮಾತ್ರ ತೋಟಕ್ಕೆ ಬರುವ ಹಿರಿಯ ಆಳು. ವಾರವಿಡೀ ನೋಡಿದ್ದ. "ಸಣ್ಣಯ್ಯ, ಹಿಂದಿನ ಕಾಲು ಎಂತಕ್ಕೆ ಸುಮ್ನೆ ನಿಂತದೆ?"

ಸೌದೆ ಒಡೆದವನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪೆಟ್ಟು ಹುಟ್ಟುವುದು ಹಿಂಗಾಲಿನ ಹಿಮ್ಮಡಿ ತಿರುಗುವಲ್ಲಿ. ಅಲ್ಲಿಂದ ಸೊಂಟ, ಬೆನ್ನು, ಆಮೇಲೆ ಹೆಗಲು. ಕೈ ಕೊನೆಗೆ ಬಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಮುಷ್ಟಿ ಹೊರಡುವಾಗ ಮೊಣಕೈ ಅದರ ಹಿಂದೆಯೇ ನೇರವಾಗಿ ಸಾಗಬೇಕು. ಹೆಬ್ಬೆರಳು ಹೊರಗೆ, ಮಣಿಕಟ್ಟು ನೆಟ್ಟಗೆ, ತಾಗುವುದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಕಿರುಬೆರಳ ಕಡೆಯಿಂದ ಗುದ್ದಿ ಎಲುಬು ಮುರಿದುಕೊಳ್ಳುವುದಕ್ಕೆ ವೈದ್ಯರು 'ಬಾಕ್ಸರ್ಸ್ ಫ್ರ್ಯಾಕ್ಚರ್' ಎಂದು ಹೆಸರಿಟ್ಟಿದ್ದಾರೆ. ಗೋಡೆಗೆ ಸಿಟ್ಟು ತೋರಿಸುವವರಿಗೇ ಅದು ಹೆಚ್ಚಾಗಿ ಸಲ್ಲುವ ಬಿರುದು.

ಇನ್ನು ದೂರ. ಮೊಣಕೈ ಪೂರ್ತಿ ಬಿಗಿದ ಮೇಲೆ ಚೀಲ ಸಿಕ್ಕಿದರೆ ಏಟಿನ ಪ್ರತಿಫಲ ನೆಟ್ಟಗೆ ಹೆಗಲಿಗೆ ಬರುತ್ತದೆ. ಗುರಿ ತಪ್ಪಿ ಗಾಳಿಗೆ ಗುದ್ದಿದರೆ ಮತ್ತೂ ಕೇಡು, ಹಾರಿ ಹೋದ ಕೈಯನ್ನು ಹೆಗಲ ಹಿಂಬದಿಯ ಸ್ನಾಯುಗಳೇ ತಡೆದು ನಿಲ್ಲಿಸಬೇಕು. ಮೊಣಕೈ ತುಸು ಬಾಗಿರುವಾಗಲೇ ತಾಗಬೇಕು, ಹೋದ ದಾರಿಯಲ್ಲೇ ಗಲ್ಲದ ಹತ್ತಿರಕ್ಕೆ ವಾಪಸಾಗಬೇಕು. ಚೀಲ ಉಯ್ಯಾಲೆಯಾಡಿದರೆ ನೀವು ದೂಡಿದಿರಿ ಎಂದರ್ಥ. ಸರಿಯಾದ ಗುದ್ದಿಗೆ ಅದು ನಡುಗುತ್ತದೆ.

ಗುದ್ದುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ ಎನ್ನಿ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಕೆಲವೇ ಕ್ಷಣದ ಕೆಲಸ, ಹೆಗಲು ಸವೆಯಲು ಪುರಸೊತ್ತೆಲ್ಲಿ? ಚೀಲದ ಮುಂದೆ ನಿಂತವನಿಗೆ ಮುಗಿಸು ಎನ್ನುವವರಿಲ್ಲ. ಅದಕ್ಕೇ ಮೂರು ನಿಮಿಷ ಗುದ್ದಿ ಒಂದು ನಿಮಿಷ ಸುಮ್ಮನಿರಬೇಕೆಂಬ ಪದ್ಧತಿ. ಹೆಗಲು ಸೋತಾಗ ಕೈ ಜೋಲುತ್ತದೆ, ಮೊಣಕೈ ಹೊರಬೀಳುತ್ತದೆ. ಪೆಟ್ಟಾಗುವುದು ಆ ಸೋತ ಗಳಿಗೆಯಲ್ಲೇ.

ವೈದ್ಯರು ನಮ್ಮ ಹುಡುಗನಿಗೆ ಗುದ್ದುವುದನ್ನು ನಿಲ್ಲಿಸಿ, ಎಳೆಯುವ ವ್ಯಾಯಾಮ ಕೊಟ್ಟರು: ಮೊಣಕೈ ಪಕ್ಕೆಗೊತ್ತಿಕೊಂಡು ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು, ಭುಜದೆಲುಬನ್ನು ಹಿಂದಕ್ಕೆ ಸೇರಿಸುವುದು. ಗುದ್ದುವವರ ಎದೆ ಬಿಗಿದು ಹೆಗಲು ಮುಂದಕ್ಕೆ ಬಾಗುವುದಕ್ಕೆ ಇದೇ ಮದ್ದು. ಬಾವಿ ಸೇದುತ್ತಿದ್ದ ಕಾಲದಲ್ಲಿ ಪಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ.

ಕಲಿತ ವಿದ್ಯೆಯನ್ನು ಹಂಚುವ ಹುಮ್ಮಸ್ಸು ಹುಡುಗನಿಗೆ. ಕೊನೆಕೊಯ್ಲಿನಲ್ಲಿ ಉದ್ದದ ಫೈಬರ್ ದೋಟಿ ಎತ್ತಿ, ಕತ್ತು ಮೇಲೆ ಮಾಡಿ, ಬೆಳಗಿಂದ ಸಂಜೆವರೆಗೆ ನಿಲ್ಲುವ ಅದೇ ಹಿರಿಯನಿಗೆ ಹೋಗಿ ಹೇಳಿದ, "ಮೂರು ನಿಮಿಷಕ್ಕೊಮ್ಮೆ ಒಂದು ನಿಮಿಷ ಕೈ ಇಳಿಸ್ಬೇಕು, ಇಲ್ದಿದ್ರೆ ಹೆಗಲು ಹೋಗ್ತದೆ."

"ಅದನ್ನ ನಿಮ್ಮ ಮಾವನ ಹತ್ರ ಹೇಳಿ ಸಣ್ಣಯ್ಯ" ಎಂದ ಅವನು, ದೋಟಿ ಇಳಿಸದೆ. "ಲೆಕ್ಕ ಬರೆಯೋದು ಅವರು."