ಮೇಜಿನ ಮೇಲೆ ಸಕಲೇಶಪುರ ಘಾಟಿ

ಮನೇಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಮಾದರಿ ರೈಲು ಕಟ್ಟಬೇಕು ಅನ್ನೋದು ನನ್ನ ಹಳೇ ಆಸೆ. ಅದಕ್ಕೇ ಈ ಮಳೆಗಾಲದಲ್ಲಿ ಅಮ್ಮನ ಜೊತೆ ಹಗಲಿನ ರೈಲು ಹತ್ತಿದೆ.

ಸುಮಾರು 55 ಕಿ.ಮೀ. ದಾರಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಎಚ್‌ಒ ಅಳತೆ ಅಂದ್ರೆ 87ರಲ್ಲಿ ಒಂದು ಪಾಲು. ಹಾಗೆ ಕುಗ್ಗಿಸಿದರೂ 632 ಮೀಟರ್ ಹಳಿ ಬೇಕು! ನಮ್ಮ ಬಾಡಿಗೆ ಮನೆಯಲ್ಲಿ ಹಿಡಿಸೋದು ಎರಡೂವರೆ ಮೀಟರ್ ಮೇಜು. ಹೀಗಾಗಿ ಕಿಟಕಿ ಪಕ್ಕ ಕೂತು, ಯಾವುದನ್ನೆಲ್ಲ ಬಿಡೋದು ಅಂತ ಬರೆದುಕೊಳ್ಳುತ್ತಾ ಹೋದೆ.

ಸುರಂಗ ನಮ್ಮಂಥವರಿಗೆ ವರ. ಒಳಹೊಕ್ಕ ರೈಲು ಎಷ್ಟು ದೂರ ಹೋಯ್ತು ಅಂತ ನೋಡೋರಿಗೆ ಗೊತ್ತಾಗಲ್ಲ. ಎರಡು ಸುರಂಗ, ನಡುವೆ ಒಂದು ಬಾಗಿದ ಸೇತುವೆ ಸಾಕು ಅಂದ್ಕೊಂಡೆ. ಏರು ಮಾತ್ರ ಕುಗ್ಗಲ್ಲ. ಘಾಟಿಯಲ್ಲಿ 50 ಅಡಿಗೆ ಒಂದಡಿ ಏರು. ಮೇಜಿನ ಮೇಲೂ ಅದೇ ಲೆಕ್ಕ. ಎರಡೂವರೆ ಮೀಟರಿಗೆ ಐದೇ ಸೆಂಟಿಮೀಟರ್. ಒಂದು ಹಳಿಯ ಮೇಲೆ ಇನ್ನೊಂದನ್ನು ಹಾಯಿಸೋಕೂ ಅದು ಸಾಲದು. ಅದಕ್ಕೆ ಹಳಿ ಏರಿಸೋ ಬದಲು ಕಣಿವೆಯನ್ನೇ ಇಳಿಸೋದು ಅಂತಾಯ್ತು. ಹಲಗೆ ಕತ್ತರಿಸಿ, ಕೆಳಗೆ ಥರ್ಮಾಕೋಲಿನ ಕಂದರ.

ಯಡಕುಮೇರಿ ನಿಲ್ದಾಣಕ್ಕೆ ಜಾಗ ಉಳಿಯಲಿಲ್ಲ. "ಸ್ಟೇಷನ್ನೇ ಇಲ್ದೆ ರೈಲು ಎಲ್ಲಿ ನಿಲ್ಲತ್ತೋ?" ಅಂದ್ರು ಅಮ್ಮ. ಸೇತುವೆಯಿಂದ ಎರಡು ಕಮಾನು ಕಡಿಮೆ ಮಾಡಿ, ಪ್ಲಾಟ್‌ಫಾರ್ಮಿನ ತುದಿ ಮತ್ತು ಹಳದಿ ಬೋರ್ಡು ತೂರಿಸಿದೆ. ಬೋರ್ಡಿನ ಕನ್ನಡ ಅಕ್ಷರ ಅವರದೇ ಕೈಬರಹ.

ಈಗ ಮರದ ಹೊಟ್ಟಿಗೆ ಬಣ್ಣ ಕಲಸ್ತಾ ಇದ್ದೇನೆ. ನಾಲ್ಕು ಬಗೆಯ ಹಸಿರು ತಯಾರಾಗಿದೆ. ಸುರಂಗದ ಬಾಯಿಯ ಪಾಚಿಯದ್ದು ಇನ್ನೂ ಬಂದಿಲ್ಲ.