ಕಿವಿ ಎರಡೂ ಕಾಣಬೇಕು

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ವಿಷುವಲ್ ಸ್ಟೋರಿಟೆಲ್ಲರ್’ ಅಂತ ಇದೆ. ಬೆಂಗಳೂರಲ್ಲಿ ಇದು ನಡೆಯುತ್ತೆ, ಯಾರೂ ಮರುಪ್ರಶ್ನೆ ಹಾಕಲ್ಲ. ಅರಸೀಕೆರೆಗೆ ಹೋದಾಗ ಮಾತ್ರ ಪಕ್ಕದ ಮನೆಯವರು ‘ಹಂಗಂದ್ರೆ ಏನಮ್ಮಾ?’ ಅಂತ ಕೇಳೇ ಕೇಳ್ತಾರೆ. ನಾನು ಬಾಯಿ ತೆರೆಯೋದರೊಳಗೆ ಅಮ್ಮನ ಉತ್ತರ ಸಿದ್ಧ: ‘ಸ್ಟುಡಿಯೋ ಕೆಲಸಾನೇ ಕಣ್ರೀ. ನಾವು ಕೂತಲ್ಲೇ ಮಾಡ್ತಿದ್ವಿ, ಇವಳು ಊರೂರು ಸುತ್ತಿ ಮಾಡ್ತಾಳೆ, ಅಷ್ಟೇ.’

ಮೊದಮೊದಲು ಇದನ್ನ ಕೇಳಿ ಸಿಟ್ಟು ಬರ್ತಿತ್ತು. ಈಗ ಬರಲ್ಲ. ಯಾಕೆ ಬರಲ್ಲ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಪ್ಪನ ಸ್ಟುಡಿಯೋ ರೈಲ್ವೆ ಸ್ಟೇಷನ್ ರಸ್ತೆಯಲ್ಲಿತ್ತು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಮುಂದೆ ಗಾಜಿನ ಷೋಕೇಸು, ಅದರ ತುಂಬ ಊರಿನ ಮದುಮಕ್ಕಳು. ಒಳಗೆ ಒಂದು ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಗೂಟಕ್ಕೆ ನೇತುಹಾಕಿದ ಒಂದು ಕಪ್ಪು ಕೋಟು. ಆ ಕೋಟಿನ ಬೆನ್ನನ್ನು ಅಪ್ಪನೇ ಮೇಲಿಂದ ಕೆಳಗಿನವರೆಗೆ ಸೀಳಿದ್ದರು. ದಪ್ಪಗಿರೋರಿಗೂ ಆಗಲಿ, ಸಣ್ಣಗಿರೋರಿಗೂ ಆಗಲಿ ಅಂತ. ಕ್ಯಾಮೆರಾಗೆ ಬೆನ್ನು ಕಾಣಲ್ಲವಲ್ಲ! ರೈಲ್ವೆ ಕೆಲಸದ ಅರ್ಜಿ, ಬಿ.ಎಡ್. ಅರ್ಜಿ, ಗಂಡಿನ ಕಡೆಯವರಿಗೆ ಕಳಿಸೋ ಫೋಟೋ, ಎಲ್ಲಕ್ಕೂ ಅದೇ ಕೋಟು. ನಮ್ಮೂರಿನ ಒಂದಿಡೀ ತಲೆಮಾರಿನ ಗಂಡಸರು ಬೀರುವಿನೊಳಗಿನ ಫೈಲುಗಳಲ್ಲಿ ಇವತ್ತಿಗೂ ಆ ಕೋಟು ಹಾಕಿಕೊಂಡೇ ಕೂತಿದ್ದಾರೆ.

ಸ್ಟೂಲ್ ಮೇಲೆ ಕೂತವರಿಗೆ ಅಪ್ಪ ಹೇಳ್ತಿದ್ದಿದ್ದು ನಾಲ್ಕೇ ಮಾತು. ‘ಬೆನ್ನು ನೆಟ್ಟಗೆ. ಗಲ್ಲ ಒಂಚೂರು ಕೆಳಗೆ. ಕಿವಿ ಎರಡೂ ಕಾಣ್ಬೇಕು. ನಗಬೇಡಿ, ಆದ್ರೆ ಇನ್ನೇನು ನಗ್ತೀರಿ ಅನ್ನೋ ಹಂಗಿರಿ.’ ಸಾವಿರಾರು ಸಲ ಕೇಳಿರಬೇಕು ನಾನು. ಹೋಮ್‌ವರ್ಕ್ ಮಾಡ್ತಿದ್ದಿದ್ದು ಅದೇ ಸ್ಟುಡಿಯೋದ ಮೂಲೆಯಲ್ಲಿ.

2011ರ ಅಕ್ಟೋಬರಿನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು, ಮಾತು ಮೂರೂ ಹೋದವು. ನಾನಾಗ ಬೆಂಗಳೂರಲ್ಲಿ ವಿಷುವಲ್ ಕಮ್ಯುನಿಕೇಶನ್ ಓದ್ತಿದ್ದೆ. ಹತ್ತೊಂಬತ್ತನೇ ದಿನಕ್ಕೆ ಅಮ್ಮ ಸ್ಟುಡಿಯೋದ ಷಟರ್ ಎತ್ತಿದಳು. ಅಲ್ಲಿಯವರೆಗೆ ಅವಳು ಕ್ಯಾಮೆರಾ ಮುಟ್ಟಿದವಳಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬೋ ಕಾಲ, ಮಕ್ಕಳು ಸಾಲುಗಟ್ಟಿ ಬಂದರು. ಮೊದಲ ವಾರ ಅವಳು ತೆಗೆದ ಫೋಟೋಗಳಲ್ಲಿ ಒಬ್ಬನಿಗೆ ನೆತ್ತಿ ಇಲ್ಲ, ಒಬ್ಬಳಿಗೆ ಭುಜ ಇಲ್ಲ. ಶಾಲೆಯವರು ಹದಿನಾಲ್ಕು ಫೋಟೋ ವಾಪಸ್ ಕಳಿಸಿದರು. ಅಮ್ಮ ಹದಿನಾಲ್ಕೂ ಮಕ್ಕಳನ್ನ ಕರೆಸಿ, ದುಡ್ಡಿಲ್ಲದೆ ಮತ್ತೆ ತೆಗೆದುಕೊಟ್ಟಳು.

ನಾಲ್ಕು ದಿನದ ರಜೆ ಹಾಕಿ ಊರಿಗೆ ಬಂದ ನಾನು ಈ ಪಾಡು ನೋಡಲಾರದೆ, ‘ಅಂಗಡಿ ಮುಚ್ಚು, ಬೆಂಗಳೂರಿಗೆ ಬಂದ್ಬಿಡಿ’ ಅಂದೆ. ಅಮ್ಮ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹೇಳಿಬಿಟ್ಟೆ: ‘ಪಾಸ್‌ಪೋರ್ಟ್ ಫೋಟೋನೂ ಒಂದು ಫೋಟೋನಾ ಅಮ್ಮ? ಅದಕ್ಕೆ ಇಷ್ಟೊಂದು ಒದ್ದಾಡಬೇಕಾ?’

ಅಪ್ಪ ಅಲ್ಲೇ ಮಂಚದ ಮೇಲೆ ಮಲಗಿದ್ದರು. ಮಾತು ಬರ್ತಿರಲಿಲ್ಲ, ಆದರೆ ಎಲ್ಲಾ ಕೇಳಿಸ್ತಿತ್ತು. ಮುಖವನ್ನ ಗೋಡೆ ಕಡೆ ತಿರುಗಿಸಿಕೊಂಡರು.

ಎಂಟು ವರ್ಷ ಕಳೆಯಿತು. ನಾನು ಆ ಹೊತ್ತಿಗೆ ಸಂಸ್ಥೆಗಳಿಗೆ ಕಿರುಚಿತ್ರ ಮಾಡಿಕೊಡೋ ಕೆಲಸದಲ್ಲಿ ಒಂದಿಷ್ಟು ಹೆಸರು ಮಾಡಿದ್ದೆ. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂತಲ್ಲ, ನಿಮಗೂ ನೆನಪಿರಬಹುದು. ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಸ್ಥಾನಗಳಿಗೇ ನುಗ್ಗಿತ್ತು. ನಾವೆಲ್ಲ ಮೊಬೈಲಿನಲ್ಲಿ ಆ ಫೋಟೋ ನೋಡಿ, ಶೇರ್ ಮಾಡಿ, ಮುಂದಕ್ಕೆ ಹೋಗಿದ್ವಿ. ಅದಾಗಿ ಎರಡು ವಾರಕ್ಕೆ ನನಗೊಂದು ಕೆಲಸ ಬಂತು. ಬಾದಾಮಿ ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ಮೂರು ನಿಮಿಷದ ಒಂದು ಫಿಲ್ಮ್ ಮಾಡಬೇಕು. ನಾಲ್ಕು ದಿನದ ಶೂಟ್. ಬ್ರೀಫ್ ಎರಡು ಪುಟ ಇತ್ತು, ಅದರಲ್ಲಿ ‘ರೆಸಿಲಿಯನ್ಸ್’ ಅನ್ನೋ ಪದ ಏಳು ಸಲ.

ಆ ಪದಕ್ಕೆ ಕನ್ನಡದಲ್ಲಿ ಏನು ಅಂತ ಬಸ್ಸಿನಲ್ಲಿ ಕೂತು ಹುಡುಕಿದೆ. ‘ಸ್ಥಿತಿಸ್ಥಾಪಕತ್ವ’ ಅಂತ ಸಿಕ್ಕಿತು. ಹೈಸ್ಕೂಲಿನ ಭೌತಶಾಸ್ತ್ರ ನೆನಪಾಯಿತು. ರಬ್ಬರನ್ನ ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೆ ವಾಪಸ್ ಬರುತ್ತಲ್ಲ, ಆ ಗುಣ.

ನಾವು ಹೋದ ಊರಿನವರು ಎತ್ತರದ ಮೇಲಿದ್ದ ಸರ್ಕಾರಿ ಶಾಲೆಯಲ್ಲಿದ್ದರು. ನೀರು ಇಳಿದಿತ್ತು. ಮಣ್ಣಿನ ಮನೆಗಳು ಕೂತಲ್ಲೇ ಕುಸಿದಿದ್ದವು. ಮೊದಲ ದಿನ ಬ್ರೀಫ್ ಹೇಳಿದ್ದನ್ನೇ ಮಾಡಿದೆ. ಬಿದ್ದ ಗೋಡೆ, ಕೆಸರಲ್ಲಿ ಹೂತ ಹೊಲಿಗೆ ಮಷಿನ್ನು, ಹೊಳೆ ನೋಡ್ತಾ ನಿಂತ ಮುದುಕ. ಎರಡನೇ ದಿನ ಬೆಳಿಗ್ಗೆ ಒಬ್ಬ ಅಜ್ಜಿಯ ಮುಂದೆ ಕ್ಯಾಮೆರಾ ಇಟ್ಟು, ‘ನೀರು ಬಂದ ರಾತ್ರಿ ಏನಾಯ್ತು ಹೇಳಿ ಅಜ್ಜಿ’ ಅಂದೆ. ಅವಳು ಕ್ಯಾಮೆರಾನೇ ನೋಡ್ತಾ ಇದ್ದಳು.

‘ಯವ್ವಾ, ಇದರಾಗ ಸಣ್ಣ ಫೋಟೋ ಬರತೈತೇನು? ಅರ್ಜಿಗೆ ಹಚ್ಚೋದು?’

ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಅಂತ ಸರ್ಕಾರ ಹೇಳಿತ್ತು, ತಕ್ಷಣದ ಖರ್ಚಿಗೆ ₹10 ಸಾವಿರ. ಅದಕ್ಕೆ ಅರ್ಜಿ, ಹೋದ ರೇಷನ್ ಕಾರ್ಡಿಗೆ ಅರ್ಜಿ, ಪಾಸ್‌ಬುಕ್ಕಿಗೆ ಅರ್ಜಿ. ಕಂಡಲ್ಲೆಲ್ಲ ಎರಡು ಫೋಟೋ ಕೇಳ್ತಿದ್ದರು. ‘ಇದ್ದದ್ದೆಲ್ಲಾ ಹೊಳ್ಯಾಗ ಹೋಗೇತಿ. ಫೋಟೋ ತಾ ಅಂದ್ರ ಎಲ್ಲಿಂದ ತರ್ಲಿ? ಬಾದಾಮಿಗೆ ಹೋಗಾಕ ಬಸ್ಸಿಲ್ಲ, ಬಸ್ಸಿದ್ರ ರೊಕ್ಕಿಲ್ಲ.’

ಸುಳ್ಳು ಹೇಳಲ್ಲ, ನನ್ನ ತಲೆಯಲ್ಲಿ ಮೊದಲು ಬಂದಿದ್ದು ಶೂಟಿನ ಲೆಕ್ಕ. ಇನ್ನು ಮೂರೇ ದಿನ, ಸಂದರ್ಶನ ಒಂದೂ ಆಗಿಲ್ಲ. ‘ಅಜ್ಜಿ, ಇದು ಆ ಥರದ ಕ್ಯಾಮೆರಾ ಅಲ್ಲ’ ಅಂತ ಹೇಳೋಕೆ ಬಾಯಿ ತೆರೆದೆ. ಆದರೆ ಅದು ಆ ಥರದ ಕ್ಯಾಮೆರಾ ಅಲ್ಲದೆ ಇನ್ನೇನು?

ಅಡುಗೆಯವರ ಹತ್ತಿರ ಒಂದು ಬಿಳಿ ಪಂಚೆ ಇಸ್ಕೊಂಡು, ಶಾಲೆಯ ವರಾಂಡದ ಗೋಡೆಗೆ ಮೊಳೆ ಹೊಡೆದು ಕಟ್ಟಿದೆ. ಬಿಸಿಲು ನೇರ ಬೀಳದ ಜಾಗ, ಮುಖದ ಮೇಲೆ ಹದವಾದ ಬೆಳಕು. ಹೆಡ್‌ಮಾಸ್ಟರ ಕೋಣೆಯಿಂದ ಸ್ಟೂಲು ಬಂತು. ಅಜ್ಜಿ ಕೂತಳು. ತಲೆ ತುಂಬ ಸೆರಗು.

‘ಬೆನ್ನು ನೆಟ್ಟಗೆ ಅಜ್ಜಿ. ಗಲ್ಲ ಒಂಚೂರು ಕೆಳಗೆ. ಸೆರಗು ಹಿಂದಕ್ಕೆ ಮಾಡಿ, ಕಿವಿ ಎರಡೂ ಕಾಣ್ಬೇಕು.’

ಮಾತು ನನ್ನ ಬಾಯಿಂದ ಬಂದಿತ್ತು, ದನಿ ಮಾತ್ರ ರೈಲ್ವೆ ಸ್ಟೇಷನ್ ರಸ್ತೆಯದು. ಅಜ್ಜಿ ಸೆರಗು ಸರಿಸ್ತಾ, ‘ನಮ್ಮ ಕಿವಿ ಕಟಗೊಂಡು ಸರಕಾರ ಏನ ಮಾಡತೈತಿ? ಮೊದಲ ತಂದು ಕೇಳಸಬೇಕಲ್ಲ’ ಅಂದಳು. ವರಾಂಡಕ್ಕೆ ವರಾಂಡವೇ ನಕ್ಕಿತು.

ಸುದ್ದಿ ಹಬ್ಬಿ ಸಾಲು ಬೆಳೆಯಿತು. ಗಂಡಸರಲ್ಲಿ ಹೆಚ್ಚಿನವರು ಉಟ್ಟ ಬಟ್ಟೆಯಲ್ಲೇ ಬಂದವರು, ಕೆಲವರ ಮೈಮೇಲೆ ಬರೀ ಬನಿಯನ್ನು. ಒಬ್ಬ ಹುಡುಗನ ಹತ್ತಿರ ದಾನವಾಗಿ ಬಂದಿದ್ದ ನೀಲಿ ಷರ್ಟು ಇತ್ತು. ಅವನು ಕೂತು ಎದ್ದವನು ಅದನ್ನ ಬಿಚ್ಚಿ ಹಿಂದಿನವನಿಗೆ ಕೊಟ್ಟ. ಅವನು ಅವನ ಹಿಂದಿನವನಿಗೆ. ಸಂಜೆ ಹೊತ್ತಿಗೆ ಹನ್ನೊಂದು ಜನ ಅದೇ ಷರ್ಟಿನಲ್ಲಿ ನನ್ನ ಕ್ಯಾಮೆರಾದೊಳಗೆ ಕೂತಿದ್ದರು. ಅಪ್ಪನ ಕಪ್ಪು ಕೋಟಿಗೆ ಒಬ್ಬ ತಮ್ಮ ಹುಟ್ಟಿದ್ದ.

ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲದಲ್ಲಿ ಮದುವೆ ಆಲ್ಬಮ್ ತಂದಳು. ಗಂಡ ತೀರಿಕೊಂಡು ಆರು ವರ್ಷವಂತೆ. ಫೋಟೋಗಳೆಲ್ಲ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನ ಎಳೆಯೋಕೆ ಹೋದವಳು, ಮೂಲೆಯ ಬಣ್ಣ ಕಿತ್ತು ಬಂದಿದ್ದು ನೋಡಿ ಅಲ್ಲಿಗೇ ನಿಲ್ಲಿಸಿದ್ದಳು. ನನ್ನ ಡಿಗ್ರಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರಿಗೆ ಮಾತು ಅರ್ಧ ವಾಪಸ್ ಬಂದಿತ್ತು, ಒಂದೊಂದು ಪದಕ್ಕೂ ಕಾಯಬೇಕಿತ್ತು.

‘ಎಳೀ... ಬೇಡ. ತಣ್ಣೀರು. ನೆನೆಸು. ತಾನಾಗೇ... ಬಿಡುತ್ತೆ. ಬಿಸಿಲಲ್ಲಿ ಬೇಡ. ನೆರಳು. ಮುಖ... ಮೇಲೆ ಮಾಡಿ.’

ಶಾಲೆಯ ಅಡುಗೆ ಪರಾತದಲ್ಲಿ ತಣ್ಣೀರು ತುಂಬಿಸಿ ನೆನೆಸಿಟ್ಟೆವು. ಅರ್ಧ ಗಂಟೆಗೆ ಒಂದೊಂದೇ ಮೆಲ್ಲಗೆ ಬಿಟ್ಟುಕೊಂಡಿತು. ಎಲ್ಲವೂ ಉಳಿಯಲಿಲ್ಲ. ಒಂಬತ್ತು ಉಳಿದವು. ಎರಡರಲ್ಲಿ ಅವನ ಮುಖ ಸ್ಪಷ್ಟ ಇತ್ತು. ಅವುಗಳನ್ನ ನಾಲ್ಕನೇ ತರಗತಿಯ ಬೆಂಚಿನ ಮೇಲೆ ಒಣಹಾಕಿ, ಆಕೆ ಪಕ್ಕದಲ್ಲೇ ಕಾವಲು ಕೂತಳು.

ಎರಡು ದಿನಕ್ಕೆ 143 ಜನರ ಫೋಟೋ ಆಯಿತು. ರಾತ್ರಿ ಬಾದಾಮಿಯ ಒಂದು ಸಣ್ಣ ಸ್ಟುಡಿಯೋಗೆ ಹೋದೆ. ಒಂದು 4×6 ಹಾಳೆಯಲ್ಲಿ ಎಂಟು ಫೋಟೋ, 143 ಹಾಳೆ. ಮಾಲೀಕರು ವಿಷಯ ಕೇಳಿ, ‘ಪೇಪರಿಂದು ಅಷ್ಟ ಕೊಡ್ರಿ’ ಅಂದರು. ಅವರು, ಅವರ ಹೆಂಡತಿ, ನಾನು ಕೂತು ಕತ್ತರಿಸಿದ್ವಿ. ಮುಗಿದಾಗ ರಾತ್ರಿ ಒಂದೂವರೆ.

ಕತ್ತರಿಸ್ತಾ ಇದ್ದಾಗ ನನಗೆ ಕಾಲೇಜಿನಲ್ಲಿ ಪಾಠವಾಗಿದ್ದ ಒಂದು ಫೋಟೋ ನೆನಪಾಯಿತು. ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವವರ ಬಿಡಾರದಲ್ಲಿ ತೆಗೆದ ‘ಮೈಗ್ರಂಟ್ ಮದರ್’. ಫೋಟೋಗ್ರಫಿ ಕಲಿತವರು ಯಾರೂ ಅದನ್ನ ನೋಡದೆ ಇರಲ್ಲ. ಅಮೆರಿಕದ ಆ ಬರಗಾಲದ ಮುಖವೇ ಅದು. ಆದರೆ ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಕೇಳಲಿಲ್ಲ ಅಂತ ಆಮೇಲೆ ಸ್ವತಃ ಬರೆದಿದ್ದಾರೆ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಅನ್ನೋ ಆ ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ‘ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ನನಗೆ ಅದರಿಂದ ಒಂದು ಕಾಸೂ ಸಿಗಲಿಲ್ಲ’ ಅನ್ನೋದು ಆಕೆಯ ಅಳಲಾಗಿತ್ತು. ಲ್ಯಾಂಗ್ ಕೆಟ್ಟವಳಲ್ಲ. ಆ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಬಿಡಾರಕ್ಕೆ ಸರ್ಕಾರದ ಆಹಾರ ಹೋಯಿತು. ಆದರೆ ಅಷ್ಟರಲ್ಲಿ ಥಾಮ್ಸನ್ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಜಗತ್ತಿಗೆಲ್ಲ ಸಿಕ್ಕ ಆ ಫೋಟೋ, ಅದರಲ್ಲಿದ್ದವಳ ಕೈಗೆ ಮಾತ್ರ ಸಿಗಲಿಲ್ಲ.

ನಾನು ಪಾಸ್‌ಪೋರ್ಟ್ ಫೋಟೋವನ್ನ ಕೀಳಾಗಿ ಕಂಡಿದ್ದು ಎಲ್ಲಿ ಅಂತ ಆ ರಾತ್ರಿ ಗೊತ್ತಾಯಿತು. ಅದರಲ್ಲಿ ತೆಗೆದವರ ಹೆಸರಿರಲ್ಲ, ಸ್ಟೈಲ್ ಇರಲ್ಲ, ‘ಕಥೆ’ ಇರಲ್ಲ. ಪೂರ್ತಿ ಕೂತವರದೇ. ಅದಕ್ಕೇ ನನಗದು ಫೋಟೋ ಅನ್ನಿಸಿರಲಿಲ್ಲ.

ಮಾರನೇ ದಿನ ಹಂಚಿದ್ವಿ. ಅಜ್ಜಿ ತನ್ನ ಎಂಟು ಮುಖಗಳನ್ನ ಒಂದೊಂದಾಗಿ ಎಣಿಸಿ, ಆರನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಎರಡನ್ನು ಕೈಯಲ್ಲೇ ಹಿಡ್ಕೊಂಡು ಗ್ರಾಮ ಲೆಕ್ಕಿಗರ ಸಾಲಿಗೆ ಹೋದಳು. ನೀರು ಬಂದ ರಾತ್ರಿಯ ಕಥೆ ನನಗೆ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ಫಿಲ್ಮ್ ಹೇಗೋ ಮುಗಿಯಿತು. ಕೊನೆಯಲ್ಲಿ ನೀಲಿ ಷರ್ಟಿನ ಹನ್ನೊಂದು ಮುಖಗಳನ್ನ ಸಾಲಾಗಿ ಇಟ್ಟಿದ್ದೆ. ಕ್ಲೈಂಟ್ ಕಡೆಯವರು ಅದನ್ನ ತೆಗೆಸಿದರು. ‘ಕೊನೇಲಿ ಹೋಪ್ ಬೇಕು. ಇವರ್ಯಾರೂ ನಗ್ತಾನೇ ಇಲ್ಲವಲ್ಲ?’

ಅಲ್ಲಿಂದ ನಾನು ಬೆಂಗಳೂರಿಗೆ ಹೋಗುವ ಮೊದಲು ಅರಸೀಕೆರೆಯಲ್ಲಿ ಇಳಿದಿದ್ದೆ. ಅಪ್ಪ ಜಗಲಿ ಮೇಲೆ ಕೂತಿದ್ದರು. ‘143 ಜನ ಅಪ್ಪ, ಎರಡೇ ದಿನ’ ಅಂದೆ. ಅವರು ನನ್ನನ್ನ ಸ್ವಲ್ಪ ಹೊತ್ತು ನೋಡಿ ಒಂದೇ ಪದ ಕೇಳಿದರು.

‘ಕಿವಿ?’

‘ಎರಡೂ.’

ತಲೆ ಆಡಿಸಿದರು. 2011ರಲ್ಲಿ ಹೇಳಿದ್ದ ಆ ಮಾತಿಗೆ ಕ್ಷಮೆ ಕೇಳಬೇಕು ಅಂತ ರೈಲಿನುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದೆ. ಕೇಳಲಿಲ್ಲ. ಅಮ್ಮ ಊಟಕ್ಕೆ ಕರೆದಳು, ಎದ್ದು ಹೋದೆ. ಕೇಳದೇ ಉಳಿದಿದ್ದು ಹಾಗೇ ಉಳಿದಿದೆ.

ಅಪ್ಪ 2021ರ ಫೆಬ್ರವರಿಯಲ್ಲಿ ಹೋದರು. ಹಾರ ಹಾಕೋಕೆ ಒಂದು ಫೋಟೋ ಬೇಕಲ್ಲ. ನನ್ನ ಹಾರ್ಡ್‌ಡಿಸ್ಕುಗಳಲ್ಲಿ ನಾಲ್ಕು ಟಿಬಿ ಅಪರಿಚಿತರ ಮುಖ ಇತ್ತು. ಅಪ್ಪನದು ಹುಡುಕಿದರೆ, ಎಲ್ಲೋ ಹಿಂದುಗಡೆ ಬ್ಲರ್ ಆಗಿ ಕೂತಿದ್ದೋ, ಬೆನ್ನು ಮಾಡಿ ನಡೀತಿದ್ದೋ, ಅಷ್ಟೇ. ಅಮ್ಮ ಒಳಗೆ ಹೋಗಿ ಬೀರುವಿನಿಂದ ಒಂದು ಕವರ್ ತಂದಳು. ಅಂಗವಿಕಲರ ಗುರುತಿನ ಚೀಟಿಗೆ ಅಂತ 2012ರಲ್ಲಿ ಅವಳೇ ತೆಗೆದಿದ್ದ ಪಾಸ್‌ಪೋರ್ಟ್ ಫೋಟೋ. ಬಿಳಿ ಹಿನ್ನೆಲೆ. ಬೆನ್ನು ನೆಟ್ಟಗೆ. ಅದೇ ಕಪ್ಪು ಕೋಟು, ಜೀವನದಲ್ಲಿ ಬಹುಶಃ ಮೊದಲ ಸಲ ಅವರ ಮೈಮೇಲೆ. ಕಿವಿ ಎರಡೂ ಕಾಣ್ತಿವೆ. ಬಾಯಿ ಎಡಕ್ಕೆ ಒಂಚೂರು ಇಳಿದಿದೆ.

ದೊಡ್ಡದು ಮಾಡಿಸೋಕೆ ಕೂತಾಗ ನಾನು ಲ್ಯಾಪ್‌ಟಾಪ್ ತೆರೆದು, ‘ಈ ತುಟೀನ ಎರಡು ನಿಮಿಷದಲ್ಲಿ ಸರಿ ಮಾಡಿಬಿಡ್ತೀನಿ ಅಮ್ಮ, ಮೊದಲಿನ ಹಂಗೇ ಕಾಣುತ್ತೆ’ ಅಂದೆ.

ಅಮ್ಮ ಸ್ಕ್ರೀನನ್ನೇ ನೋಡ್ತಾ ಹೇಳಿದಳು: ‘ಹತ್ತು ವರ್ಷ ನಾನು ಅನ್ನ ತಿನ್ನಿಸಿದ್ದು ಇದೇ ಬಾಯಿಗೆ. ಸರಿ ಮಾಡೋಕೆ ಏನಾಗಿದೆ ಅದಕ್ಕೆ? ಹಂಗೇ ಬಿಡು.’

ಹಾಗೇ ಬಿಟ್ಟೆ. 12×18 ಹಾಕಿಸಿದೆ. ನಡುಮನೆಯಲ್ಲಿದೆ. ಬಂದವರು ‘ಎಷ್ಟು ಚೆನ್ನಾಗಿ ಬಂದಿದೆ, ನೀನು ತೆಗೆದಿದ್ದಾ?’ ಅಂತ ನನ್ನನ್ನ ಕೇಳ್ತಾರೆ. ಅಲ್ಲ, ಅಮ್ಮ ತೆಗೆದಿದ್ದು ಅಂತೀನಿ. ನಾನೂ ಸ್ಟುಡಿಯೋ ಕೆಲಸಾನೇ ಮಾಡೋದು, ಆದರೆ ಇನ್ನೂ ಅಷ್ಟು ಚೆನ್ನಾಗಿ ಬರಲ್ಲ.