ಜಗ್ಗುವ ಉಕ್ಕು, ಸೀಳುವ ಉಕ್ಕು

ಕೊಡಲಿಗೆ ಹದ ಹಾಕುವ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಜೊತೆಗೇ ಪೆಡಸೂ ಆಗುತ್ತದೆ. ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಅದಕ್ಕೇ ಮತ್ತೆ ತುಸು ಕಾಸಿ, ಅಲಗಿನ ಮೈ ಹಳದಿಯಿಂದ ನೀಲಿಯ ಕಡೆ ತಿರುಗುವುದನ್ನು ನೋಡಿ ನಿಲ್ಲಿಸಬೇಕು. ಬೈಲಹೊಂಗಲ, ರಾಮದುರ್ಗದ ಕಡೆಯ ಕಂಬಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹದ ತಪ್ಪಿದರೂ ಕೊಡಲಿ ಮರಳಿ ಕುಲುಮೆಗೆ ಬರುತ್ತದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದು ನಿಂತ ಉಕ್ಕಿನ ಗೇಟಿಗೆ ಆ ಸವಲತ್ತಿಲ್ಲ. ಅದನ್ನು ಮುರಿದು ನೋಡುವ ಹಾಗಿಲ್ಲ. ಅಂಥ ಉಕ್ಕಿನ ಬೆರಳುದ್ದದ ತುಂಡನ್ನು ಮುರಿದು ನೋಡಬಹುದು, ಅಷ್ಟೆ. ತುಂಡು ಹೇಳಿದ್ದನ್ನು ದೊಡ್ಡ ಹಲಗೆಯ ಮಟ್ಟಿಗೆ ಎಷ್ಟು ನಂಬಬಹುದು? ಕಂಪ್ಯೂಟರಿನ ಲೆಕ್ಕ ಬೇಕಾಗುವುದು ಇಲ್ಲಿ, ಅದಿಲ್ಲದೆ ಬೇರೆ ದಾರಿಯಿಲ್ಲ ಎಂಬುದು ನನ್ನ ವಾದ.

ಹಂಚಿನಿಂದ ಇಳಿದ ಜೋಳದ ರೊಟ್ಟಿ ಮಡಚುತ್ತದೆ, ಕಟಕ ರೊಟ್ಟಿ ಲಟಕ್ಕನೆ ಮುರಿಯುತ್ತದೆ, ಹಿಟ್ಟು ಒಂದೇ. ಉಕ್ಕಿನದೂ ಅದೇ ಕಥೆ. ಬೆಚ್ಚಗಿರುವಾಗ ಅದರೊಳಗಿನ ಕಲ್ಮಶದ ಕಣಗಳ ಸುತ್ತ ಸಣ್ಣ ತೂತುಗಳು ಹುಟ್ಟಿ, ಹಿಗ್ಗಿ, ಒಂದಕ್ಕೊಂದು ಕೂಡುತ್ತವೆ. ಮುರಿಯುವ ಮುನ್ನ ಲೋಹ ಜಗ್ಗಿ ಸೂಚನೆ ಕೊಡುತ್ತದೆ. ತಂಪಾದಾಗ ಅದು ಸುಲಭಕ್ಕೆ ಜಗ್ಗುವುದಿಲ್ಲ. ಬಿರುಕಿನ ತುದಿಯಲ್ಲಿ ಒತ್ತಡ ಏರುತ್ತ ಹೋಗಿ, ಎಲ್ಲಕ್ಕಿಂತ ದುರ್ಬಲವಾದ ಒಂದು ಹರಳು ಸೀಳಿದರೆ ಸಾಕು, ಸೀಳು ಓಡುತ್ತದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಚ್ಚಹೊಸ ಟ್ಯಾಂಕರ್ ಹಡಗು ಶಾಂತ ನೀರಿನಲ್ಲಿ ನಿಂತಲ್ಲೇ ಹೆಚ್ಚುಕಡಿಮೆ ಎರಡು ಹೋಳಾಯಿತು. ಅಂಥ ಹಡಗುಗಳ ವಿಷಯದಲ್ಲಿ ಬೆಸುಗೆಯೊಂದನ್ನೇ ದೂರಿ ಫಲವಿಲ್ಲ, ಉಕ್ಕೇ ತಂಪಿಗೆ ಪೆಡಸಾಗಿದೆ ಎಂದು ತೋರಿಸಿದವರು ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್. ಮುಂದೆ 1977ರಲ್ಲಿ ಗರ್ಸನ್ ಎಂಬ ಸಂಶೋಧಕರು ತೂತುಗಳ ಬೆಳವಣಿಗೆಯನ್ನು ಸಮೀಕರಣಕ್ಕೆ ತಂದರು, 1983ರಲ್ಲಿ ಫ್ರಾನ್ಸಿನ ‘ಬೆರೆಮಿನ್’ ತಂಡ ಸೀಳಿನ ಸಂಭವವನ್ನು. ಎರಡನ್ನೂ ಒಂದೇ ಹಲಗೆಯ ಮೇಲೆ ಓಡಿಸಿ ಯಾವುದು ಮೊದಲು ಬರುತ್ತದೆಂದು ನೋಡುವುದೇ ಈಗಿನ ಕಂಪ್ಯೂಟರ್ ಮಾದರಿಗಳ ಕೆಲಸ. ದಪ್ಪ ಹಲಗೆಯಲ್ಲಿ ದುರ್ಬಲ ಹರಳು ಸಿಗುವ ಸಂಭವ ಹೆಚ್ಚು, ಜಗ್ಗಲು ಆಸ್ಪದ ಕಡಿಮೆ. ಆದ್ದರಿಂದ ತುಂಡು ಪಾಸಾದ ಉಷ್ಣತೆಯಲ್ಲೇ ಹಲಗೆ ಫೇಲಾಗಬಹುದು.

ರಾಮದುರ್ಗ, ಸವದತ್ತಿಯ ಈ ತೊರಗಲ್ ನಾಡಿನ ಬಿಸಿಲಿನಲ್ಲಿ ಉಕ್ಕು ಪೆಡಸಾಗುವುದುಂಟೇ ಎಂದರೆ, ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿಯ ಚಳಿ ಒಳ್ಳೆಯ ಉಕ್ಕಿಗೆ ಯಾವ ಲೆಕ್ಕ! ಆದರೆ ಪೆಡಸಾಗುವ ಉಷ್ಣತೆಯ ಗಡಿ ಒಂದೆಡೆ ನಿಲ್ಲುವುದಲ್ಲ. ದಪ್ಪ, ಚೂಪಾದ ಬಿರುಕು, ಹಠಾತ್ ಹೊಡೆತ ಎಲ್ಲವೂ ಅದನ್ನು ಮೇಲಕ್ಕೆ ಸರಿಸುತ್ತವೆ. ರಾಜಸ್ಥಾನವೇನು ತಂಪು ಸೀಮೆಯೆ? ಅಲ್ಲಿಯ ಮೊದಲ ಅಣು ರಿಯಾಕ್ಟರಿನ ಎಂಡ್ ಶೀಲ್ಡ್ ಎಂಬ ತುದಿಯ ತಡೆಗೋಡೆಗೆ 3.5% ನಿಕಲ್ ಬೆರೆತ ಉಕ್ಕು ಬಳಸಿದ್ದರು. ನ್ಯೂಟ್ರಾನ್‌ಗಳ ಹೊಡೆತಕ್ಕೆ ಅದು ಪೆಡಸಾಗಿ ಬಿರುಕು ಬಿಟ್ಟಿತು. ನಂತರ ಕಟ್ಟಿದ ಕಾಳಿ ದಂಡೆಯ ಕೈಗಾದಲ್ಲಿ ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂತು. ಇನ್ನೊಂದು ಆಕ್ಷೇಪ, ಕಂಪ್ಯೂಟರಿಗೆ ತುಂಬಿದ್ದೇ ತಾನೇ ಹೊರಗೆ ಬರುವುದು ಎಂಬುದು. ಒಪ್ಪಬೇಕಾದ ಮಾತು. ಲೆಕ್ಕದಲ್ಲಿ ಹಲಗೆಯನ್ನು ಎಷ್ಟು ಸಣ್ಣ ಚೌಕಗಳಾಗಿ ಹೆಚ್ಚುತ್ತೇವೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಮೂಲ ಅಂಕಿಗಳೂ ಮುರಿದ ತುಂಡುಗಳಿಂದಲೇ ಬರಬೇಕು. ಆದರೂ ಮಾದರಿ ಹೌದು ಅಲ್ಲ ಎನ್ನದೆ ಸಂಭವ ಎಷ್ಟೆಂದು ಹೇಳುತ್ತದೆ. ಒಂದೇ ಉಕ್ಕಿನ ಹತ್ತು ತುಂಡು ಹತ್ತು ಬಗೆಯಲ್ಲಿ ಮುರಿಯುವಾಗ ಅದಕ್ಕಿಂತ ಖಚಿತವಾದ ಮಾತನ್ನು ನಾನು ನಂಬಲಾರೆ. ಗೇಟಿನ ವಿಷಯಕ್ಕೆ ಬಂದರೆ, ಲೆಕ್ಕ ಶುರುವಾಗಬೇಕಾದದ್ದು ಬೆಸುಗೆಯಲ್ಲಿ ಬಿರುಕಿದ್ದರೆ ಅದು ಎಷ್ಟು ಆಳವಿದೆ ಎಂಬ ಅಳತೆಯಿಂದ. ಆ ಅಳತೆ ಕಂಪ್ಯೂಟರಿನೊಳಗೆ ಹುಟ್ಟುವುದಿಲ್ಲ, ಅದಕ್ಕೆ ಯಾರಾದರೂ ಗೇಟಿನ ಹತ್ತಿರ ಹೋಗಲೇಬೇಕು.